ದೋಣಿಕಟ್ಟೆಯ ಕವಿ ವಾಲ್ಟ್ ವ್ಹಿಟ್ಮನ್

1855ರಲ್ಲಿ ನ್ಯೂಯಾರ್ಕಿನ ಎದುರುದಂಡೆಯ ಬ್ರೂಕ್ಲಿನ್ ನಗರದ ಸಣ್ಣ ಮುದ್ರಣಾಲಯವೊಂದರಿಂದ ತೆಳ್ಳನೆಯ ಕವನಸಂಗ್ರಹವೊಂದು ಹೊರಬಿದ್ದಿತು. ಶೀರ್ಷಿಕೆಪುಟದ ಮೇಲೆ ಕವಿಯ ಹೆಸರಿರಲಿಲ್ಲ. ಅದರ ಎದುರಿಗೆ, ಅಂಗಿಯ ಕೊರಳು ತೆರೆದು, ಸೊಂಟದ ಮೇಲೆ ಕೈಯಿಟ್ಟು ನಿಂತ ಟೊಪ್ಪಿಗೆಯ ಮನುಷ್ಯನೊಬ್ಬನ ಚಿತ್ರವಿದ್ದಿತು. ಒಳಗೆ ಹನ್ನೆರಡು ಕವಿತೆಗಳು, ಅವುಗಳಿಗೂ ಹೆಸರುಗಳಿಲ್ಲ. ಅಚ್ಚಾದ ಪ್ರತಿಗಳು 800ಕ್ಕೂ ಕಡಿಮೆ. ಕೆಲವು ಪುಟಗಳ ಮೊಳೆಗಳನ್ನು ಕವಿಯೇ ಕೈಯಾರೆ ಜೋಡಿಸಿದ್ದನು. ‘ಲೀವ್ಸ್ ಆಫ್ ಗ್ರಾಸ್’ ಎಂಬ ಈ ಗ್ರಂಥವನ್ನು ವಾಲ್ಟ್ ವ್ಹಿಟ್ಮನ್ (1819–1892) ಸಾಯುವವರೆಗೂ ತಿದ್ದುತ್ತ, ಹಿಗ್ಗಿಸುತ್ತ ಹೋದನು. ಕೊನೆಯ ಆವೃತ್ತಿಯಲ್ಲಿ ಹನ್ನೆರಡು ಕವಿತೆಗಳು ನಾನೂರರ ಸಮೀಪಕ್ಕೆ ಬಂದಿದ್ದವು. ಕವಿಯಾಗಿ ಬಾಳೆಲ್ಲ ಒಂದೇ ಪುಸ್ತಕವನ್ನು ಬರೆದವನೆಂದರೆ ತಪ್ಪಾಗದು.

ಅವನು ಬಡಗಿಯೊಬ್ಬನ ಮಗ. ಎಳವೆಯಲ್ಲೇ ಅಚ್ಚುಕೂಟ ಸೇರಿದನು, ಹಳ್ಳಿಯ ಶಾಲೆಗಳಲ್ಲಿ ಪಾಠ ಹೇಳಿದನು, ಪತ್ರಿಕೆಗಳನ್ನು ಸಂಪಾದಿಸಿದನು. ಅಂತರ್ಯುದ್ಧದ ಕಾಲದಲ್ಲಿ ವಾಷಿಂಗ್ಟನ್ನಿನ ಸೈನಿಕ ಆಸ್ಪತ್ರೆಗಳಲ್ಲಿ ಗಾಯಾಳುಗಳ ಹಾಸಿಗೆಯ ಬಳಿ ಕುಳಿತು, ಅವರ ಪರವಾಗಿ ಮನೆಗೆ ಕಾಗದ ಬರೆದನು. 1865ರಲ್ಲಿ ಅವನ ಸರಕಾರಿ ನೌಕರಿ ಹೋದುದು ಈ ಪುಸ್ತಕದ ದೆಸೆಯಿಂದಲೇ. ಮೇಲಧಿಕಾರಿಗೆ ಅದು ಅಶ್ಲೀಲವೆನಿಸಿತ್ತು. ಹಾಗೆಂದು ಅವನು ಸಾಧುಸಂತನೇನೂ ಅಲ್ಲ. ತನ್ನ ಪುಸ್ತಕಕ್ಕೆ ತಾನೇ ಹೆಸರಿಲ್ಲದೆ ವಿಮರ್ಶೆ ಬರೆದು ಪತ್ರಿಕೆಗಳಲ್ಲಿ ಪ್ರಕಟಿಸಿದವನು. ಎಮರ್ಸನ್ ಖಾಸಗಿಯಾಗಿ ಬರೆದ ಮೆಚ್ಚುಗೆಯ ಮಾತೊಂದನ್ನು ಅಪ್ಪಣೆ ಕೇಳದೆ 1856ರ ಆವೃತ್ತಿಯ ಬೆನ್ನಿನ ಮೇಲೆ ಚಿನ್ನದ ಅಕ್ಷರಗಳಲ್ಲಿ ಮುದ್ರಿಸಿದವನು. ನಮ್ಮ ಪ್ರಕಾಶಕರು ಇನ್ನೂ ಅಷ್ಟು ದೂರ ಹೋಗಿಲ್ಲ.

ಕನ್ನಡಿಗರಿಗೆ ವ್ಹಿಟ್ಮನ್ನನ ಛಂದಸ್ಸು ಮೊದಲ ಕುತೂಹಲದ ವಿಷಯ. ಗಣವಿಲ್ಲ, ಪ್ರಾಸವಿಲ್ಲ, ಪಂಕ್ತಿ ಉಸಿರಿನಷ್ಟೇ ಉದ್ದ. ಒಂದೇ ಪದದಿಂದ ಸಾಲುಸಾಲುಗಳನ್ನು ಆರಂಭಿಸುವ, ಒಂದು ಮಾತನ್ನು ಅದರ ಜೊತೆಮಾತಿನಿಂದ ತೂಗುವ ಈ ಲಯಕ್ಕೆ ಇಂಗ್ಲಿಷ್ ಬೈಬಲ್ಲಿನ ಋಣವಿದೆ. ಗೋವಿಂದ ಪೈಗಳು 1911ರಲ್ಲಿ ಪ್ರಾಸವನ್ನು ತ್ಯಜಿಸಿದುದು, ಗೋಕಾಕರು ‘ಸಮುದ್ರ ಗೀತೆಗಳು’ (1940) ಸಂಗ್ರಹದಲ್ಲಿ ಮುಕ್ತಛಂದವನ್ನು ಕೈಗೊಂಡುದು ನಮ್ಮವರಿಗೆ ಗೊತ್ತಿದ್ದ ಸಂಗತಿ. ಆ ಬಿಡುಗಡೆಗೆ ಹಿರಿಯಣ್ಣನಂತೆ ದೂರದಲ್ಲಿ ನಿಂತವನು ವ್ಹಿಟ್ಮನ್.

ಇಲ್ಲಿಯೇ ಒಂದು ಎಚ್ಚರವೂ ಬೇಕು. ವ್ಹಿಟ್ಮನ್ನನನ್ನು ಅಮೆರಿಕದ ವಚನಕಾರನೆಂದು ಕರೆದುಬಿಡುವುದು ಸುಲಭ. ಇಬ್ಬರಲ್ಲೂ ಆಡುಮಾತಿನ ಕಸುವಿದೆ, ಕಾಯಕದ ಜನರ ಮೇಲಣ ಪ್ರೀತಿಯಿದೆ. ಆದರೆ ವಚನವು ಅಂಕಿತದಲ್ಲಿ ಮುಗಿಯುತ್ತದೆ. ‘ನಾನು’ ಎಂಬುದು ಕೂಡಲಸಂಗಮದೇವನ ಮುಂದೆ ಕರಗಬೇಕು. ವ್ಹಿಟ್ಮನ್ನನಾದರೋ ಶೀರ್ಷಿಕೆಪುಟದಲ್ಲಿ ಬಿಟ್ಟ ತನ್ನ ಹೆಸರನ್ನು ಕವಿತೆಯ ನಟ್ಟನಡುವೆ ತಂದು ನಿಲ್ಲಿಸುತ್ತಾನೆ. ಅವನ ‘ನಾನು’ ಕರಗುವುದಿಲ್ಲ, ಹಬ್ಬುತ್ತದೆ. ಗಾಡಿಕಾರ, ಓಡಿಬಂದ ಗುಲಾಮ, ಸೂಳೆ, ಅಧ್ಯಕ್ಷ, ಎಲ್ಲರನ್ನೂ ಒಳಗೊಳ್ಳುತ್ತದೆ. ವಚನದ್ದು ಶರಣಾಗತಿ, ಇವನದು ಆವಾಹನೆ. ಉಪನಿಷತ್ತಿನ ಹೋಲಿಕೆಗೂ ಇದೇ ಮಿತಿ. 1856ರಲ್ಲಿ ಥೋರೋ ಬಂದು, ಪೂರ್ವದೇಶದ ಗ್ರಂಥಗಳನ್ನು ಓದಿದ್ದೀರಾ ಎಂದು ಕೇಳಿದಾಗ ವ್ಹಿಟ್ಮನ್ ಇಲ್ಲವೆಂದನು. ಅವುಗಳ ವಿಷಯ ತನಗೆ ಹೇಳೆಂದು ಅವನನ್ನೇ ಕೇಳಿದನು.

ಮುಂಬಯಿ ಸೀಮೆಯ ಕನ್ನಡಿಗರಿಗೆ ಅವನ ಕೃತಿಗಳಲ್ಲಿ ಅತ್ಯಂತ ಹತ್ತಿರದ್ದು ‘ಕ್ರಾಸಿಂಗ್ ಬ್ರೂಕ್ಲಿನ್ ಫೆರಿ’. 1856ರಲ್ಲಿ ಬೇರೆ ಹೆಸರಿನಿಂದ ಮೊದಲು ಪ್ರಕಟವಾದ ಕವಿತೆಯಿದು. ಆಗಿನ್ನೂ ಈಸ್ಟ್ ನದಿಗೆ ಸೇತುವೆಯಿರಲಿಲ್ಲ. ಅದು ಬಂದದ್ದು 1883ರಲ್ಲಿ. ಸಹಸ್ರಾರು ಜನ ಕೆಲಸಕ್ಕೆಂದು ನಿತ್ಯ ಉಗಿದೋಣಿಯಲ್ಲಿ ಹೋಗಿ ಬರುತ್ತಿದ್ದರು. ಸಂಜೆಯ ದೋಣಿಯಲ್ಲಿ ಕಂಬಿಗೆ ಒರಗಿ ನಿಂತ ಕವಿ ಹಕ್ಕಿಗಳನ್ನೂ ಹಡಗುಗಳ ಸ್ತಂಭಗಳನ್ನೂ ಕಾರ್ಖಾನೆಯ ಬೆಂಕಿಯನ್ನೂ ನೋಡುತ್ತ, ಐವತ್ತು ವರ್ಷ, ನೂರು ವರ್ಷಗಳ ಅನಂತರ ಇದೇ ನೀರನ್ನು ದಾಟುವವರೊಡನೆ ನೇರವಾಗಿ ಮಾತನಾಡುತ್ತಾನೆ. ಈ ಕವಿತೆಗೆ ಮೂರೇ ವರ್ಷ ಮೊದಲು, 1853ರ ಏಪ್ರಿಲ್ 16ರಂದು, ಬೋರಿಬಂದರಿನಿಂದ ಠಾಣೆಗೆ ಮೊದಲ ರೈಲು ಓಡಿತ್ತು. 1854ರಲ್ಲಿ ಹಳಿ ಕಲ್ಯಾಣವನ್ನು ಮುಟ್ಟಿತು. ಇಂದು ಶಹಾಡದಲ್ಲಿ ನಸುಕಿನ ಗಾಡಿ ಹತ್ತಿ, 50 ಕಿಲೋಮೀಟರಿಗೂ ಮೀರಿದ ದಾರಿಯನ್ನು ನಿಂತೇ ಸವೆಸಿ, ಠಾಣೆಯ ಖಾಡಿಯನ್ನು ದಾಟಿ ಕಚೇರಿ ಮುಟ್ಟುವ ಕನ್ನಡಿಗನಿಗೆ ಈ ಕವಿತೆಗೆ ಟಿಪ್ಪಣಿ ಬೇಕಿಲ್ಲ.

ನಮ್ಮ ನವ್ಯಕಾವ್ಯ ಕಲಿತದ್ದು ಮಾತ್ರ ಇನ್ನೊಬ್ಬ ಅಮೆರಿಕನ್ನನಿಂದ. ಎಲಿಯಟ್ 1917ರಿಂದ 1925ರವರೆಗೆ ಲಂಡನ್ನಿನ ಲಾಯ್ಡ್ಸ್ ಬ್ಯಾಂಕಿನಲ್ಲಿ ನೌಕರನಾಗಿದ್ದನು. ಬೆಳಿಗ್ಗೆ ಲಂಡನ್ ಸೇತುವೆಯನ್ನು ದಾಟುವ ಗುಮಾಸ್ತರ ಹಿಂಡು ‘ದಿ ವೇಸ್ಟ್ ಲ್ಯಾಂಡ್’ (1922) ಕಾವ್ಯದಲ್ಲಿ ಪ್ರೇತಗಳ ಮೆರವಣಿಗೆಯಾಗಿ ಬರುತ್ತದೆ. ಅದೇ ನದಿ, ಅದೇ ಹೊಟ್ಟೆಪಾಡು, ಅದೇ ನೂಕುನುಗ್ಗಲು. ವ್ಹಿಟ್ಮನ್ನನಿಗೆ ಅಲ್ಲಿ ಕಂಡವರು ಒಡನಾಡಿಗಳು. ಇದು ಅಗ್ಗದ ಆಶಾವಾದವೆಂದು ನವ್ಯರು ತಳ್ಳಿಹಾಕಿದ್ದುಂಟು. ಆದರೆ ದೋಣಿಯ ಕವಿತೆಯ ನಡುಭಾಗವನ್ನು ಓದಬೇಕು. ತನ್ನಲ್ಲಿಯೂ ಕಪಟವಿತ್ತು, ಸಿಟ್ಟಿತ್ತು, ಕಾಮವಿತ್ತು, ಹೇಡಿತನವಿತ್ತು ಎಂದು ಒಪ್ಪಿಕೊಂಡ ಮೇಲೆಯೇ ಅವನು ಪಕ್ಕದವನ ಹೆಗಲ ಮೇಲೆ ಕೈಯಿಡುತ್ತಾನೆ. ಜನಸಂದಣಿಯನ್ನು ಪ್ರೇತವೆಂದು ಕಾಣಲು ತಾನು ಅದರಿಂದ ತುಸು ದೂರ ನಿಂತರೆ ಸಾಕು. ಒಡನಾಡಿಯೆಂದು ಕಾಣಲು ಒಳಗೇ ನಿಲ್ಲಬೇಕಾಗುತ್ತದೆ. ಎರಡನೆಯದೇ ಕಷ್ಟದ್ದು.

ನವ್ಯಕಾವ್ಯದ ಮುಂದಾಳಾದ ಗೋಪಾಲಕೃಷ್ಣ ಅಡಿಗರೇ 1966ರಲ್ಲಿ ವ್ಹಿಟ್ಮನ್ನನನ್ನು ‘ಹುಲ್ಲಿನ ದಳಗಳು’ ಎಂಬ ಹೆಸರಿನಿಂದ ಕನ್ನಡಕ್ಕೆ ತಂದರು. ‘ಭೂಮಿಗೀತ’ದ (1959) ಕಹಿ ವ್ಯಂಗ್ಯದ ಕವಿ ಈ ಕೆಲಸಕ್ಕೆ ಕೈಯಿಕ್ಕಿದುದು ಸ್ವಾರಸ್ಯದ ಸಂಗತಿ, ನಮ್ಮ ವಿಮರ್ಶೆ ಇದನ್ನು ಇನ್ನಷ್ಟು ಲಕ್ಷ್ಯವಿಟ್ಟು ನೋಡಬೇಕಾಗಿತ್ತು.

ವ್ಹಿಟ್ಮನ್ನನಲ್ಲಿ ಜಳ್ಳೂ ಇದೆ. ಅವನ ಪಟ್ಟಿಗಳು ಕೆಲವೆಡೆ ಭೂಗೋಳದ ಪಠ್ಯದಂತೆ ಬೇಸರ ತರುತ್ತವೆ. ರಾಷ್ಟ್ರದ ಹಿರಿಮೆಯ ಘೋಷಣೆಗಳು ಟೊಳ್ಳಾಗಿ ಕೇಳಿಸುತ್ತವೆ. ಕಾವ್ಯದಲ್ಲಿ ಗುಲಾಮನ ಗಾಯ ತೊಳೆದವನು ಯುದ್ಧಾನಂತರ ಕರಿಯರ ಮತಾಧಿಕಾರದ ಪ್ರಶ್ನೆಯಲ್ಲಿ ಹಿಂಜರಿದನು. ಹೊಸದಾಗಿ ಓದುವವರು ಅವನ ದೀರ್ಘಗೀತೆಗಳನ್ನು ಸದ್ಯಕ್ಕೆ ಬದಿಗಿಟ್ಟು, ದೋಣಿಯ ಕವಿತೆಯಿಂದ ಹೊರಟು, ‘ಡ್ರಮ್ ಟ್ಯಾಪ್ಸ್’ (1865) ಗುಚ್ಛದ ಆಸ್ಪತ್ರೆಯ ಪದ್ಯಗಳಿಗೆ ಬರುವುದು ಒಳ್ಳೆಯದು. ಆ ದೋಣಿ ಸೇತುವೆ ಬಂದಮೇಲೂ ನಾಲ್ವತ್ತು ವರ್ಷ ಓಡಿ, 1924ರಲ್ಲಿ ನಿಂತಿತು.