ಕುಳ್ಳ ಎಂಬ ಹೆಸರಿನ ಒಡೆಯ

2024ರ ಏಪ್ರಿಲ್ 16ರಂದು ದ್ವಾರಕೀಶ್ ತೀರಿಕೊಂಡರು. ಅವರಿಗೆ 81 ವರ್ಷವಾಗಿತ್ತು. ಆ ದಿನ ಆಲ್ದೂರಿನ ಚಹಾದಂಗಡಿಯೊಂದರಲ್ಲಿ ನಾವು ಕುಳಿತಿದ್ದಾಗ ಟಿ.ವಿ.ಯಲ್ಲಿ ಸುದ್ದಿ ಬಂತು. "ಪಾಪ, ನಮ್ಮ ಕುಳ್ಳ ಹೋದ ಮಾರಾಯ್ರೆ" ಎಂದರು ಪಕ್ಕದಲ್ಲಿದ್ದ ಹಿರಿಯರೊಬ್ಬರು. ಆ ಮಾತಿನಲ್ಲಿ ಗೇಲಿ ಇರಲಿಲ್ಲ. ಮನೆಯವರಲ್ಲೊಬ್ಬರನ್ನು ಕಳೆದುಕೊಂಡ ಸಂಕಟವಿತ್ತು.

ಅದೇ ಅಂಗಡಿಯ ಹೊರಗೆ ಕಾಫಿ ಮೂಟೆ ಹೊರುವ ಹಮಾಲರೊಬ್ಬರು ಲೋಟ ಹಿಡಿದು ನಿಂತಿದ್ದರು. ಅವರೂ ಗಿಡ್ಡ. ಊರು ಅವರನ್ನು ಕರೆಯುವುದು ‘ಕುಳ್ಳ ಸಾಬಿ’ ಎಂದು. ನಾವೂ ವರ್ಷಗಟ್ಟಲೆ ಹಾಗೆಯೇ ಕರೆದಿದ್ದೇವೆ. ಅವರ ನಿಜವಾದ ಹೆಸರೇನೆಂದು ಕೇಳಬೇಕೆಂದು ನಮಗೆ ಅನಿಸಿರಲೇ ಇಲ್ಲ. ಒಂದೇ ಪದ ಒಬ್ಬರಿಗೆ ಬಿರುದಾಗಿದೆ, ಇನ್ನೊಬ್ಬರಿಗೆ ಮೂದಲಿಕೆಯಾಗಿಯೇ ಉಳಿದಿದೆ. ಇದು ಹೇಗಾಯಿತು? ದ್ವಾರಕೀಶರ ಬದುಕು ಮತ್ತು ಸಿನಿಮಾಗಳನ್ನು ಈ ಪ್ರಶ್ನೆ ಇಟ್ಟುಕೊಂಡು ನೋಡುವುದು ಒಳ್ಳೆಯದು ಎಂದು ನಮ್ಮ ಭಾವನೆ. ಸಿನಿಮಾ ನೋಡುವುದೇ ಸರಿಯೇ ಎಂದು ಕೇಳುವ ಓದುಗರು ನಮ್ಮಲ್ಲಿದ್ದಾರೆ. ಆ ಚರ್ಚೆ ಬೇರೆ. ನೋಡದವರ ಬಗ್ಗೆಯೂ ಸಿನಿಮಾ ಮಾತಾಡುತ್ತದೆ ಎಂಬುದನ್ನಂತೂ ನಾವು ಮರೆಯುವಂತಿಲ್ಲ.

ಬಂಗ್ಲೆ ಶಾಮರಾವ್ ದ್ವಾರಕಾನಾಥ್ ಹುಟ್ಟಿದ್ದು 1942ರ ಆಗಸ್ಟ್ 19ರಂದು, ಮೈಸೂರು ಜಿಲ್ಲೆಯ ಹುಣಸೂರಿನಲ್ಲಿ. ಮೈಸೂರಿನ ಸಿಪಿಸಿ ಪಾಲಿಟೆಕ್ನಿಕ್‌ನಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿ, ಅಣ್ಣನ ಜೊತೆ ವಾಹನಗಳ ಬಿಡಿಭಾಗ ಮಾರುವ ಅಂಗಡಿ ನಡೆಸುತ್ತಿದ್ದರು. ನಿರ್ದೇಶಕ ಹುಣಸೂರು ಕೃಷ್ಣಮೂರ್ತಿ ಅವರ ಸೋದರಮಾವ. ಆ ಮಾವನ ‘ವೀರಸಂಕಲ್ಪ’ (1964) ಚಿತ್ರದಿಂದ ನಟನಾದರು. ‘ದ್ವಾರಕೀಶ್’ ಎಂಬ ಹೆಸರು ಕೊಟ್ಟವರು ಸಿ.ವಿ. ಶಿವಶಂಕರ್. ಅಂಗಡಿಯ ಲೆಕ್ಕಪುಸ್ತಕ ಬಲ್ಲವನೊಬ್ಬ ನಟನಾದ ಎಂಬುದನ್ನು ಇಲ್ಲಿ ಗುರುತಿಟ್ಟುಕೊಳ್ಳಬೇಕು.

ಕನ್ನಡ ಚಿತ್ರರಂಗದ ಹಾಸ್ಯವನ್ನು ಆಗ ಆಳುತ್ತಿದ್ದವರು ನರಸಿಂಹರಾಜು ಮತ್ತು ಬಾಲಕೃಷ್ಣ. ನರಸಿಂಹರಾಜು ಅವರ ಸಣಕಲು ಮೈ ಮತ್ತು ಮುಂದೆ ಚಾಚಿದ ಹಲ್ಲು ಪ್ರೇಕ್ಷಕರಿಗೆ ನಗುವಿನ ಸೂಚನೆಯಾಗಿದ್ದವು. ಬಾಲಕೃಷ್ಣರಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಎದುರಿನವರ ತುಟಿ ಚಲನೆ ನೋಡಿ ಅವರು ಸಂಭಾಷಣೆ ಹೇಳುತ್ತಿದ್ದರು. ದೇಹದ ಕೊರತೆಯೇ ಹಾಸ್ಯನಟನ ಬಂಡವಾಳ ಎಂಬುದು ಉದ್ಯಮದ ಅಲಿಖಿತ ನಿಯಮ. ಆದರೆ ಆ ಬಂಡವಾಳದ ಲಾಭ ಯಾರಿಗೆ ಹೋಗಬೇಕು? ಇಬ್ಬರು ಹಿರಿಯರೂ ಈ ಪ್ರಶ್ನೆಯನ್ನು ತಮ್ಮದೇ ರೀತಿಯಲ್ಲಿ ಎದುರಿಸಿದರು. ಬಾಲಕೃಷ್ಣ ಅಭಿಮಾನ್ ಸ್ಟುಡಿಯೋ ಕಟ್ಟಲು ಹೊರಟು ಹಣ್ಣಾದರು. ನರಸಿಂಹರಾಜು ‘ಪ್ರೊಫೆಸರ್ ಹುಚ್ಚೂರಾಯ’ (1974) ನಿರ್ಮಿಸಿ ತಾವೇ ನಾಯಕರಾದರು. ದ್ವಾರಕೀಶ್ ಮಾತ್ರ ಇದನ್ನು ಜೀವಮಾನದ ಕಸುಬನ್ನಾಗಿ ಮಾಡಿಕೊಂಡರು.

ನಟನೆಗೆ ಬಂದ ಎರಡೇ ವರ್ಷಕ್ಕೆ, 1966ರಲ್ಲಿ, ಜೊತೆಗಾರರೊಂದಿಗೆ ‘ಮಮತೆಯ ಬಂಧನ’ ನಿರ್ಮಿಸಿದರು. 1969ರಲ್ಲಿ ರಾಜ್‌ಕುಮಾರ್ ಮತ್ತು ಭಾರತಿ ಅವರನ್ನು ಹಾಕಿಕೊಂಡು ಸ್ವತಂತ್ರವಾಗಿ ‘ಮೇಯರ್ ಮುತ್ತಣ್ಣ’ ತೆಗೆದರು. ಆಗ ಅವರಿಗೆ 27 ವರ್ಷ. ಸಿದ್ದಲಿಂಗಯ್ಯ ಅವರನ್ನು ಮೊದಲ ಬಾರಿ ನಿರ್ದೇಶಕರನ್ನಾಗಿ ಮಾಡಿದ್ದು ಇದೇ ಚಿತ್ರ. ಹಳ್ಳಿಯವನೊಬ್ಬ ಬೆಂಗಳೂರಿಗೆ ಬಂದು ಮೇಯರ್ ಆಗುವ ಕಥೆ ಅದು. ಕೆಳಗೆ ನಿಂತವನು ಮೇಲಿನ ಕುರ್ಚಿಯಲ್ಲಿ ಕೂರುವ ಆಸೆ ನಿರ್ಮಾಪಕರದ್ದೂ ಆಗಿತ್ತೇನೋ.

ಆ ಆಸೆ ಬಯಲಾದದ್ದು ‘ಕುಳ್ಳ ಏಜೆಂಟ್ 000’ (1972) ಚಿತ್ರದಲ್ಲಿ. ಜೇಮ್ಸ್ ಬಾಂಡ್ 007 ಜಗತ್ತನ್ನೆಲ್ಲ ಮರುಳು ಮಾಡಿದ್ದ ಕಾಲ. ದೊರೆ-ಭಗವಾನ್ ಜೋಡಿ ಕನ್ನಡದಲ್ಲಿ ರಾಜ್‌ಕುಮಾರ್ ಅವರನ್ನು ಸಿಐಡಿ 999 ಮಾಡಿತ್ತು. 999 ಎಂದರೆ ಮೂರಂಕಿಯ ತುತ್ತತುದಿ. ಅದರ ಎದುರು ದ್ವಾರಕೀಶ್ ಮೂರು ಸೊನ್ನೆ ಹಚ್ಚಿಕೊಂಡು ಬಂದರು. ಸಾಲದ್ದಕ್ಕೆ, ಬೀದಿಯಲ್ಲಿ ಜನ ಬೆನ್ನ ಹಿಂದೆ ಆಡಿಕೊಳ್ಳುವ ಪದವನ್ನು ತಾವೇ ಪೋಸ್ಟರಿನ ಮೇಲೆ ದಪ್ಪಕ್ಷರದಲ್ಲಿ ಬರೆಸಿದರು. ಕೆ.ಎಸ್.ಎಲ್. ಸ್ವಾಮಿ ನಿರ್ದೇಶಿಸಿದ ಈ ಚಿತ್ರಕ್ಕೆ ರಾಜನ್-ನಾಗೇಂದ್ರ ಸಂಗೀತ ಕೊಟ್ಟರು. ಕಿಶೋರ್ ಕುಮಾರ್ ಅವರಿಂದ ಕನ್ನಡದಲ್ಲಿ ಹಾಡಿಸಿದ್ದು ಈ ಚಿತ್ರಕ್ಕೇ. ನಾಯಕನಾಗಲು ನಾಯಕನ ಮೈಕಟ್ಟು ಬೇಕಿಲ್ಲ, ಧೈರ್ಯ ಬೇಕು ಎಂದು ಈ ಚಿತ್ರ ತೋರಿಸಿತು. ಆ ಮೇಲೆ ‘ಕಳ್ಳ ಕುಳ್ಳ’ (1975), ‘ಸಿಂಗಪೂರ್‌ನಲ್ಲಿ ರಾಜಾ ಕುಳ್ಳ’ (1978), ‘ಪ್ರಚಂಡ ಕುಳ್ಳ’ (1984) ಬಂದವು. ಸಿಂಗಪೂರಿನ ಚಿತ್ರ ವಿದೇಶದಲ್ಲಿ ಚಿತ್ರೀಕರಣಗೊಂಡ ಮೊದಲ ಕನ್ನಡ ಚಿತ್ರಗಳಲ್ಲೊಂದು. ಪಕ್ಕದಲ್ಲಿ ಎತ್ತರದ, ಚೆಲುವ ವಿಷ್ಣುವರ್ಧನ್ ಇದ್ದರೂ ಶೀರ್ಷಿಕೆಯಲ್ಲಿ ಕುಳ್ಳ ರಾಜನ ಸರಿಸಮ ನಿಂತ. ಹೀಗೆ ಪದ ಅದೇ ಉಳಿದು ಅದರ ಯಜಮಾನಿಕೆ ಬದಲಾಯಿತು.

ಇಲ್ಲಿ ನಮಗೆ ಇಟಲಿಯ ರಾಬರ್ಟೊ ಬೆನಿನ್ನಿ ನೆನಪಾಗುತ್ತಾರೆ. ಅವರೂ ಹಾಸ್ಯನಟ, ತಮ್ಮ ಚಿತ್ರಗಳನ್ನು ತಾವೇ ಬರೆದು ನಿರ್ದೇಶಿಸುವವರು. ‘ಲೈಫ್ ಈಸ್ ಬ್ಯೂಟಿಫುಲ್’ (1997) ಚಿತ್ರದಲ್ಲಿ ನಾಜಿ ಶಿಬಿರದೊಳಗಿನ ಯೆಹೂದಿ ತಂದೆಯೊಬ್ಬ ಇದೆಲ್ಲ ಬರೀ ಆಟ ಎಂದು ಮಗನನ್ನು ನಂಬಿಸಿ ಕಾಪಾಡುತ್ತಾನೆ. ಅಂಥ ನರಕದಲ್ಲಿ ನಗೆಯೇ ಎಂದು ಕೇಳಿದ ವಿಮರ್ಶಕರಿದ್ದರು. ಆದರೆ ಅಲ್ಲಿ ನಗಿಸುವವನು ಪೆಟ್ಟು ತಿನ್ನುವವನೇ ಹೊರತು ಪೆಟ್ಟು ಕೊಡುವವನಲ್ಲ. ಆ ಚಿತ್ರ ಮೂರು ಆಸ್ಕರ್ ಗೆದ್ದಿತು. ಬೆನಿನ್ನಿ ಮುಂದೆ ಅಪಾರ ಹಣ ಸುರಿದು ‘ಪಿನೋಕಿಯೊ’ (2002) ತೆಗೆದು ಟೀಕೆಗೆ ಗುರಿಯಾದರು. 2005ರಲ್ಲಿ ಅಮೆರಿಕದ ದಾಳಿಗೆ ತುತ್ತಾದ ಬಾಗ್ದಾದಿಗೆ ಕವಿಯೊಬ್ಬನನ್ನು ಕಳಿಸಿ ‘ದ ಟೈಗರ್ ಅಂಡ್ ದ ಸ್ನೋ’ ಮಾಡಿದರು. ಹಾಸ್ಯಗಾರ ತನ್ನ ನಗೆಗೆ ತಾನೇ ಒಡೆಯನಾದರೆ ಅದರ ನಷ್ಟಕ್ಕೂ ತಾನೇ ಹೊಣೆಯಾಗಬೇಕಾಗುತ್ತದೆ.

ದ್ವಾರಕೀಶ್ ಆ ಬೆಲೆಯನ್ನು ಮತ್ತೆ ಮತ್ತೆ ತೆತ್ತರು. ಸುಮಾರು ಐವತ್ತು ಚಿತ್ರಗಳನ್ನು ನಿರ್ಮಿಸಿದ ಅವರ ಬದುಕಿನಲ್ಲಿ ‘ಭಾಗ್ಯವಂತರು’ (1977), ‘ಗುರು ಶಿಷ್ಯರು’ (1981) ಚಿತ್ರಗಳಂಥ ಗೆಲುವಿನ ಜೊತೆಗೇ ಸಾಲುಸಾಲು ಸೋಲುಗಳೂ ಇವೆ. ವಿಷ್ಣುವರ್ಧನರೊಂದಿಗಿನ ಸ್ನೇಹ ಮುರಿದು ಎಷ್ಟೋ ವರ್ಷ ದೂರವಿದ್ದರು. 2004ರಲ್ಲಿ ಇಬ್ಬರೂ ಮತ್ತೆ ಒಂದಾಗಿ, ಪಿ. ವಾಸು ನಿರ್ದೇಶನದಲ್ಲಿ ‘ಆಪ್ತಮಿತ್ರ’ ಬಂದಾಗ ಸಾಲದಲ್ಲಿ ಮುಳುಗಿದ್ದ ನಿರ್ಮಾಪಕ ಎದ್ದು ನಿಂತರು.

ನಿರ್ದೇಶಕರಾಗಿ ಅವರು ಹೊಸ ದಾರಿ ಹುಡುಕಿದವರಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ಹೆಚ್ಚಿನವು ರೀಮೇಕ್‌ಗಳು. ಮೊದಲು ನಿರ್ದೇಶಿಸಿದ ‘ನೀ ಬರೆದ ಕಾದಂಬರಿ’ (1985) ಹಿಂದಿಯ ‘ಪ್ಯಾರ್ ಝುಕ್ತಾ ನಹೀಂ’ ಚಿತ್ರದ ರೂಪ. ಆ ಹಿಂದಿ ಚಿತ್ರಕ್ಕೆ ಮೂಲ ಪಾಕಿಸ್ತಾನದ ‘ಆಯಿನಾ’ (1977). ಅದೇ ಕಥೆಯನ್ನು ದ್ವಾರಕೀಶ್ ಮರುವರ್ಷ ರಜನಿಕಾಂತ್ ಮತ್ತು ಶ್ರೀದೇವಿಯವರೊಂದಿಗೆ ತಮಿಳಿಗೂ ಒಯ್ದರು. ‘ಆಪ್ತಮಿತ್ರ’ದ ಮೂಲವಾದ ಮಲಯಾಳದ ‘ಮಣಿಚಿತ್ರತ್ತಾಳ್’ (1993) ನಿರ್ದೇಶಿಸಿದವರು ಫಾಸಿಲ್. ರೀಮೇಕ್ ಎಂದು ನಾವು ಮೂಗು ಮುರಿಯುತ್ತೇವೆ, ಸರಿ. ಆದರೆ ಪಾಕಿಸ್ತಾನದ ಕಥೆಗೆ ಕನ್ನಡದ ಮನೆಗಳು ಪಾಸ್‌ಪೋರ್ಟ್ ಕೇಳದೆ ಕಣ್ಣೀರು ಹಾಕಿದವು ಎಂಬುದೂ ಸಣ್ಣ ಸಂಗತಿಯಲ್ಲ.

ನಮ್ಮ ತಕರಾರು ಇರುವುದು ಬೇರೆ ಕಡೆ. ತನ್ನ ದೇಹಕ್ಕೆ ಘನತೆ ಗಳಿಸಿಕೊಂಡ ಕಲಾವಿದ ಇತರರ ದೇಹಗಳಿಗೆ ಅದೇ ಘನತೆ ಕೊಟ್ಟರೇ? ‘ಆಫ್ರಿಕಾದಲ್ಲಿ ಶೀಲಾ’ (1986) ಚಿತ್ರಕ್ಕಾಗಿ ಅಷ್ಟು ದೂರ ಹೋದ ಕ್ಯಾಮೆರಾಕ್ಕೆ ಆಫ್ರಿಕಾ ಬರೀ ಹಿನ್ನೆಲೆಯ ಪರದೆಯಾಯಿತು. ಇದು ದ್ವಾರಕೀಶರೊಬ್ಬರ ದೋಷವಲ್ಲ, ನಮ್ಮ ಹಾಸ್ಯದ, ಸಾಹಸದ ಸಿನಿಮಾಗಳ ರೂಢಿ. ಆ ರೂಢಿಯಲ್ಲೇ ಸಿನಿಮಾದ ‘ಸಾಬಿ’ಯೂ ಬಂದ. ತಲೆಗೊಂದು ಟೋಪಿ, ಸೊಂಟಕ್ಕೆ ಅಗಲದ ಬೆಲ್ಟು, ಬಾಯಲ್ಲಿ ‘ನಮ್ದೂಕೆ, ನಿಮ್ದೂಕೆ’. ಒಂದು ಗುಜರಿ ಅಂಗಡಿ ಅಥವಾ ಮಾಂಸದಂಗಡಿ. ಅವನು ಬಾಯಿ ತೆರೆದರೆ ಸಾಕು, ಥಿಯೇಟರು ನಗುತ್ತದೆ.

ನಿಜವಾಗಿ ನೋಡಿದರೆ ಆಲ್ದೂರಿನ ಬಸ್‌ಸ್ಟ್ಯಾಂಡಿನಲ್ಲಿ ಅರ್ಧ ಗಂಟೆ ನಿಂತವರಿಗೆ ಎಷ್ಟು ಬಗೆಯ ಕನ್ನಡ ಕೇಳುವುದಿಲ್ಲ! ಬ್ಯಾರಿ ಮಾತಾಡುವವರ ಕನ್ನಡ, ದಖನಿ ಮನೆಮಾತಿನವರ ಕನ್ನಡ, ಎಸ್ಟೇಟ್ ಲೈನಿನಿಂದ ಬಂದ ತಮಿಳರ, ಘಟ್ಟ ಹತ್ತಿ ಬಂದ ತುಳುವರ, ಕೊಂಕಣಿಗರ ಕನ್ನಡ. ಅಲ್ಲಿ ಯಾರೂ ಯಾರ ಮಾತಿಗೂ ನಗುವುದಿಲ್ಲ, ಕೆಲಸ ಆಗಬೇಕಲ್ಲ. ಇಷ್ಟೆಲ್ಲ ಕನ್ನಡಗಳಲ್ಲಿ ಒಂದನ್ನೇ ಹೆಕ್ಕಿ ಜೋಕು ಮಾಡುವುದು ಭಾಷಾಪ್ರೇಮವಲ್ಲ.

ಕುರ್‌ಆನಿನ ಹುಜುರಾತ್ ಅಧ್ಯಾಯದ 11ನೇ ವಚನ ಒಂದು ಜನವರ್ಗ ಇನ್ನೊಂದನ್ನು ಅಪಹಾಸ್ಯ ಮಾಡುವುದನ್ನೂ ಕೆಟ್ಟ ಅಡ್ಡಹೆಸರಿಡುವುದನ್ನೂ ಜೊತೆಯಾಗಿಯೇ ನಿಷೇಧಿಸುತ್ತದೆ. ಅದನ್ನು ಓದುವ ನಾವೂ ನಮ್ಮೊಳಗಿನ ಗಿಡ್ಡ, ಕಪ್ಪು, ಕುಂಟ ಎಂಬ ಹೆಸರುಗಳನ್ನು ಬಿಟ್ಟಿಲ್ಲ. ಆದ್ದರಿಂದ ಸಿನಿಮಾದವರನ್ನಷ್ಟೇ ದೂರಿ ಪ್ರಯೋಜನವಿಲ್ಲ. ಸಾಹಿತ್ಯದಲ್ಲಿ ಬೊಳುವಾರು ಮಹಮದ್ ಕುಂಞಿ, ಬಾನು ಮುಷ್ತಾಕ್ ಅವರಂಥವರು ಮುಸ್ಲಿಂ ಮನೆಯೊಳಗಿನ ನಗುವನ್ನೂ ಸಿಟ್ಟನ್ನೂ ಒಳಗಿನಿಂದಲೇ ಬರೆದರು. ಅಲ್ಲಿ ನಗುವವರೂ ನಾವೇ, ನಗೆಗೆ ಈಡಾಗುವವರೂ ನಾವೇ. ತೆರೆಯ ಹಾಸ್ಯದಲ್ಲಿ ಇದು ಅಪರೂಪ. ದ್ವಾರಕೀಶರ ಬದುಕಿನ ಪಾಠ ಇಲ್ಲಿದೆ. ಗೇಲಿಯ ಪದವನ್ನು ಬೇರೆಯವರು ಕೈಬಿಡಲಿ ಎಂದು ಅವರು ಕಾದು ಕೂರಲಿಲ್ಲ. ತಾವೇ ಹಣ ಹೂಡಿ, ಕಥೆ ಹಿಡಿದು, ಅದನ್ನು ತಮ್ಮದು ಮಾಡಿಕೊಂಡರು. ಬ್ಯಾರಿ, ದಖನಿ ಮನೆಗಳ ಹುಡುಗ ಹುಡುಗಿಯರು ತಮ್ಮದೇ ಕನ್ನಡದಲ್ಲಿ ನಗಿಸುವ ಚಿತ್ರ ಮಾಡಿದರೆ ‘ನಮ್ದೂಕೆ’ಯ ಹಲ್ಲು ತಾನಾಗಿ ಉದುರೀತು.

ಮರುದಿನ ಅದೇ ಅಂಗಡಿಯ ಮುಂದೆ ಆ ಹಮಾಲರನ್ನು ಕಂಡು ನಿಮ್ಮ ಹೆಸರೇನು ಎಂದು ಕೇಳಿದೆವು. ಲೋಕಸಭಾ ಚುನಾವಣೆಗೆ ಹತ್ತು ದಿನವೂ ಉಳಿದಿರಲಿಲ್ಲ. "ಯಾಕೆ ಸಾರ್, ವೋಟರ್ ಲಿಸ್ಟಿಗಾ?" ಎಂದು ಅವರು ಜೋರಾಗಿ ನಕ್ಕರು. ಅಂಗಡಿಯಲ್ಲಿದ್ದವರೂ ನಕ್ಕರು. ಆ ಸಲ ನಗೆಪಾಟಲಾದವರು ನಾವು. ಆಮೇಲೆ ಹೆಸರು ಹೇಳಿದರು. ಈಗ ಅವರನ್ನು ಆ ಹೆಸರಿನಿಂದಲೇ ಕರೆಯುತ್ತಿದ್ದೇವೆ.