ಮುಖದಿಂದ ತಲೆಗೇರಿದ ರುಮಾಲು

ಕಲಬುರಗಿ ಸೀಮೆಯ ಜೇವರ್ಗಿಯ ತೊಗರಿ ಹೊಲದಲ್ಲಿ ನಡುಮಧ್ಯಾಹ್ನ ನಿಂತವನ ನೆತ್ತಿ ಕಾಯುವುದು ರುಮಾಲು. ಅದರ ಹೆಸರಿನಲ್ಲೇ ಒಂದು ತಮಾಷೆಯಿದೆ. ಪಾರಸಿಯಲ್ಲಿ ‘ರೂ’ ಎಂದರೆ ಮುಖ, ‘ಮಾಲ್’ ಎಂದರೆ ಒರೆಸುವಂಥದ್ದು. ಮುಖ ಒರೆಸುವ ಬಟ್ಟೆಯ ಹೆಸರು ನಮ್ಮಲ್ಲಿಗೆ ಬಂದು ಮೊಳಗಟ್ಟಲೆ ಉದ್ದದ ಬಟ್ಟೆಗೆ ಅಂಟಿ ತಲೆಯೇರಿತು!

1347ರಲ್ಲಿ ಬಹಮನಿ ರಾಜ್ಯ ಹುಟ್ಟಿ ಕಲಬುರಗಿ ಅದರ ರಾಜಧಾನಿಯಾಯಿತು. ಪಾರಸಿ ಮಾತುಗಳು ಈ ಸೀಮೆಯ ಕನ್ನಡದೊಳಗೆ ಹರಿಯಲು ಅಂಥ ಆಳ್ವಿಕೆಗಳೇ ಕಾಲುವೆ ತೋಡಿದವು. ಹಿಂದಿಯಲ್ಲಿ ರುಮಾಲು ಇಂದಿಗೂ ಜೇಬಿನ ಕರವಸ್ತ್ರ. ಹಿಮಾಚಲದ ಚಂಬಾದಲ್ಲಿ ಅದು ಕಸೂತಿಯ ಚಿತ್ರಪಟ. ತೆಲಂಗಾಣದಲ್ಲಿ ನೂಲನ್ನು ಎಣ್ಣೆಯಲ್ಲಿ ಹದಮಾಡಿ ನೇಯುವ ತೇಲಿಯಾ ರುಮಾಲು. ತಲೆಗೆ ಸುತ್ತುವ ಬಟ್ಟೆಗೆ ಬೇರೆ ಹೆಸರೂ ಉಂಟು: ಮರಾಠಿಯ ‘ಪಟಕಾ’ ಗಡಿ ದಾಟಿದರೆ ನಮ್ಮ ‘ಪಟಗಾ’.

ಆಳಂದದ ಲಾಡ್ಲೆ ಮಶಾಕ್ ದರ್ಗಾದಲ್ಲಿ ತಲೆ ಮುಚ್ಚಲು ನಮ್ಮ ಈ ರುಮಾಲೇ. ಅಫಜಲಪುರ ತಾಲ್ಲೂಕಿನ ಗಾಣಗಾಪುರದಲ್ಲಿ, ಭೀಮಾ-ಅಮರ್ಜಾ ಸಂಗಮದಲ್ಲಿ ಮಿಂದವರಿಗೆ ಮೈ ಒರೆಸಲೂ ಇದೇ. ಬುತ್ತಿ ಕಟ್ಟಲು, ಮಲಗಿದರೆ ತಲೆದಿಂಬಿಗೆ, ಎಲ್ಲಕ್ಕೂ ಒಂದೇ ಬಟ್ಟೆ.

ಸಂಜೆ ಮನೆಗೆ ಬಂದ ರೈತ ಸುತ್ತು ಬಿಚ್ಚಿ ಮುಖದ ಬೆವರೊರೆಸಿಕೊಳ್ಳುತ್ತಾನೆ. ಊರೂರು ಅಲೆದ ‘ರುಮಾಲು’ ಎಂಬ ಮಾತು ಆಗ ತನ್ನ ತವರಿಗೆ ಮರಳಿದಂತೆ.