ಹತ್ತಕ್ಕೆ ಒಬ್ಬರು: ಒಂದು ನಿಯಮದ ಪದಪದ ವ್ಯಾಖ್ಯಾನ

ಅಗರಖೇಡ ಇಂಡಿ ತಾಲ್ಲೂಕಿನ ಊರು, ಭೀಮಾ ತೀರದ್ದು. ಇಂಥ ಊರಿನ ಸರ್ಕಾರಿ ಸಾಲಿಯಲ್ಲಿ ಕಣ್ಣು ಕಾಣದ, ಕಿವಿ ಕೇಳದ ಮಗುವಿಗೆ ಕಲಿಸುವವರು ಯಾರು? ತಾಲ್ಲೂಕಿನಿಂದ ಬಿಐಇಆರ್‌ಟಿ ಬರುತ್ತಾರೆ ಎನ್ನುತ್ತಾರೆ. ಬ್ಲಾಕ್ ಹಂತದ ಸಮನ್ವಯ ಶಿಕ್ಷಣ ಸಂಪನ್ಮೂಲ ಶಿಕ್ಷಕರ ಚಿಕ್ಕ ಹೆಸರು ಅದು. ಇಡೀ ತಾಲ್ಲೂಕಿಗೆ ಬೆರಳೆಣಿಕೆಯ ಮಂದಿ. ಕಾನೂನು ಮಾತ್ರ ಬೇರೆಯೇ ಮಾತಾಡುತ್ತದೆ. ಅದರ ಕೆಲವು ಸಾಲುಗಳನ್ನು ಅರ್ಥ ಕೆಡದಂತೆ ಕನ್ನಡಕ್ಕೆ ತಂದು ಒಂದೊಂದಾಗಿ ಬಿಡಿಸುತ್ತೇನೆ.

“ಶಿಕ್ಷಕರಿಗೆ ತರಬೇತಿ ಕೊಡಬೇಕು, ಅವರನ್ನು ನೇಮಿಸಬೇಕು.”

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 17ನೇ ಕಲಮಿನ ಮಾತಿದು. ಕ್ರಿಯಾಪದಗಳು ಎರಡು. ತರಬೇತಿಯನ್ನು ನಾಲ್ಕು ದಿನದ ಕಾರ್ಯಾಗಾರ ಮಾಡಿ ಮುಗಿಸಬಹುದು. ನೇಮಿಸಬೇಕಾದರೆ ಹುದ್ದೆ ಬೇಕು, ಹುದ್ದೆಗೆ ಸಂಬಳದ ಲೆಕ್ಕಶೀರ್ಷಿಕೆ ಬೇಕು. ಇದೇ ಇಂಡಿ ತಾಲ್ಲೂಕಿನ ಸಾಲೋಟಗಿಯ ಶಾಸನ ಇಲ್ಲಿ ನೆನಪಾಗುತ್ತದೆ. 945ರಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣ ಕಟ್ಟಿಸಿದ ಶಾಲೆಗೆ ವಿದ್ಯಾರ್ಥಿಗಳ ವಸತಿಗೆ 27 ಮನೆ, ದೀಪಕ್ಕೆ 12 ನಿವರ್ತನ ಭೂಮಿ, ಗುರುವಿಗೆ 50 ನಿವರ್ತನ. ಮದುವೆ, ಮುಂಜಿಯಾದ ಮನೆಯಿಂದಲೂ ಶಾಲೆಗೆ ಇಂತಿಷ್ಟು ಕಾಣಿಕೆ. ಗುರುವಿನ ಹೊಟ್ಟೆಪಾಡನ್ನು ಕಲ್ಲಿನ ಮೇಲೆ ಬರೆದಿಟ್ಟರು. ಆ ಕಾಲದ ವಿದ್ಯೆ ಎಲ್ಲರಿಗೂ ತೆರೆದಿರಲಿಲ್ಲ ಎಂಬುದು ನಿಜ. ಆದರೂ ಗುರುವಿನ ಪಾಲನ್ನು ಮೊದಲು ತೆಗೆದಿಟ್ಟು ಶಾಲೆ ನಡೆಸಿದ ಕ್ರಮವನ್ನು ನಾವು ಕಲಿಯಬೇಕು.

“ಅಂಗವೈಕಲ್ಯವುಳ್ಳ ಶಿಕ್ಷಕರೂ ಸೇರಿ, ಸಂಜ್ಞಾಭಾಷೆ ಮತ್ತು ಬ್ರೈಲ್ ಬಲ್ಲವರು, ಬೌದ್ಧಿಕ ನ್ಯೂನತೆಯ ಮಕ್ಕಳಿಗೆ ಕಲಿಸಲು ತರಬೇತಾದವರು.”

ಅದೇ ಕಲಮು ಮುಂದುವರಿದು ಹೇಳುವುದು ಇದು. ಬೇರೆ ಬೇರೆ ವಿದ್ಯೆಗಳು ಇಲ್ಲಿವೆ. ಭಾರತೀಯ ಪುನರ್ವಸತಿ ಪರಿಷತ್ತು ಒಪ್ಪುವ ವಿಶೇಷ ಶಿಕ್ಷಣದ ಡಿಪ್ಲೊಮಾ, ಬಿ.ಎಡ್. ಪದವಿಗಳೂ ದೃಷ್ಟಿದೋಷ, ಶ್ರವಣದೋಷ, ಬೌದ್ಧಿಕ ನ್ಯೂನತೆ ಎಂದು ವಿಂಗಡವಾಗಿವೆ. ಬ್ರೈಲ್ ಕಲಿತವರಿಗೆ ಸಂಜ್ಞಾಭಾಷೆ ಬರಬೇಕೆಂದಿಲ್ಲ. ಹಾಗಾಗಿ ‘ಒಬ್ಬರು ಇದ್ದಾರಲ್ಲ’ ಎಂಬ ಸಮಾಧಾನ ಸಾಲದು. ಕಿವುಡ ಮಗುವಿನ ಮುಂದೆ ಬ್ರೈಲ್ ಬಲ್ಲವರು ನಿಂತರೆ ಆ ಮಗುವಿಗೆ ಇನ್ನೂ ಗುರು ಸಿಕ್ಕಿಲ್ಲ.

“ಒಂದರಿಂದ ಐದನೇ ತರಗತಿಗೆ, ಶಾಲೆಯಲ್ಲಿ ದಾಖಲಾದ ಪ್ರತಿ ಹತ್ತು ವಿಶೇಷ ಅಗತ್ಯದ ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕ, ಆರರಿಂದ ಎಂಟಕ್ಕೆ ಹದಿನೈದು ಮಕ್ಕಳಿಗೆ ಒಬ್ಬ.”

ಸುಪ್ರೀಂ ಕೋರ್ಟ್ 2021ರ ಅಕ್ಟೋಬರ್ 28ರಂದು ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ ತೀರ್ಪು ಕೊಟ್ಟ ಮೇಲೆ, 2022ರ ಸೆಪ್ಟೆಂಬರ್‌ನಲ್ಲಿ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಗೆ ಸೇರಿದ ಅಳತೆ ಇದು.

‘ಶಾಲೆಯಲ್ಲಿ’: ಪೇಟೆಯ ದೊಡ್ಡ ಶಾಲೆಗೆ ಈ ಲೆಕ್ಕ ಸರಿಹೊಂದೀತು. ಹಳ್ಳಿಯ ಸಾಲಿಯಲ್ಲಿ ಅಂಥ ಮಕ್ಕಳು ಇಬ್ಬರೋ ಮೂವರೋ. ಹತ್ತು ತುಂಬುವುದಿಲ್ಲ, ಲೆಕ್ಕ ಸೊನ್ನೆಗೆ ನಿಲ್ಲುತ್ತದೆ. ಪಕ್ಕದೂರಿನಲ್ಲಿ ಇಬ್ಬರು, ಆಚೆಯ ವಸ್ತಿಯಲ್ಲಿ ಒಬ್ಬಳು, ಅಲ್ಲೂ ಸೊನ್ನೆ. ಹೀಗೆ ಸುತ್ತಲ ಊರುಗಳನ್ನೆಲ್ಲ ಕೂಡಿಸಿದರೆ ಒಬ್ಬ ಶಿಕ್ಷಕರ ಪೂರ್ತಿ ಕೆಲಸವಾಗುವಷ್ಟು ಮಕ್ಕಳು, ಬಿಡಿಬಿಡಿಯಾಗಿ ನೋಡಿದರೆ ಯಾರಿಗೂ ಯಾರೂ ಇಲ್ಲ. ನನ್ನ ಮಟ್ಟಿಗೆ ಈ ನಿಯಮದ ದೊಡ್ಡ ಕೊರತೆ ಇದೇ. ಗ್ರಾಮೀಣ ತಾಲ್ಲೂಕುಗಳಲ್ಲಿ ಲೆಕ್ಕ ಶಾಲಾ ಸಮೂಹದ್ದಾಗಬೇಕು (ಕ್ಲಸ್ಟರ್), ಅದರ ಜೊತೆ ದಾರಿಯ ದೂರವೂ ಸೇರಬೇಕು.

‘ದಾಖಲಾದ’: ಈ ಪದದ ಹೊರಗೆ ಉಳಿದವರನ್ನು ನೋಡಿ. ಕಬ್ಬಿನ ಸುಗ್ಗಿಗೆ ತಂದೆತಾಯಿ ಗುಳೆ ಹೋಗುವಾಗ ಜೊತೆಗೆ ಹೋದ ಹುಡುಗ. ‘ಸಾಲ್ಯಾಗ ನೋಡಾವ್ರು ಯಾರದಾರ’ ಎಂದು ಅಜ್ಜಿ ಮನೆಯಲ್ಲೇ ಇಟ್ಟುಕೊಂಡ ಹುಡುಗಿ. ಕಲಿಸುವವರಿಲ್ಲ ಎಂದು ಮಗು ಸಾಲಿಗೆ ಬರುವುದಿಲ್ಲ. ಮಗು ಇಲ್ಲವೆಂದು ಕಲಿಸುವವರ ಹುದ್ದೆ ಹುಟ್ಟುವುದಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 2012ರ ತಿದ್ದುಪಡಿ ತೀವ್ರ ಅಂಗವೈಕಲ್ಯದ ಮಗುವಿಗೆ ಮನೆಯಲ್ಲೇ ಶಿಕ್ಷಣ ಪಡೆಯುವ ಹಕ್ಕನ್ನೂ ಕೊಟ್ಟಿದೆ. ಆದರೆ ಮನೆಗೆ ಹೋಗಬೇಕಾದವರೂ ಅದೇ ಬಿಐಇಆರ್‌ಟಿ. ಅವರೇ ವೈದ್ಯಕೀಯ ತಪಾಸಣಾ ಶಿಬಿರಕ್ಕೆ ಮಕ್ಕಳನ್ನು ಕೂಡಿಸಬೇಕು, ಸಾಧನ ಸಲಕರಣೆ ಕೊಡಿಸಬೇಕು, ಗುರುತಿನ ಚೀಟಿಗೆ ಓಡಾಡಬೇಕು, ದಾಖಲೆ ತುಂಬಬೇಕು. ಪಾಠಕ್ಕೆ ಉಳಿಯುವುದು ಎಷ್ಟು ಹೊತ್ತು? ಅವರನ್ನು ದೂರುವ ಮನಸ್ಸು ನನಗಿಲ್ಲ.

“ಸಾಕಷ್ಟು ಶಿಕ್ಷಕರು ಸಿಗುವವರೆಗೆ, ಶಾಲಾ ಸಮೂಹದೊಳಗೆ ಸಂಚಾರಿ ವಿಶೇಷ ಶಿಕ್ಷಕರ ಸೇವೆ.”

ಇದು 2021ರ ತೀರ್ಪಿನ ಸಾಲು. ‘ಸಿಗುವವರೆಗೆ’ ಎಂಬುದರ ಮೇಲೆ ಬೆರಳಿಡಿ. ತಾತ್ಕಾಲಿಕ ಎಂದು ಹೇಳಿದ್ದೇ ನಮ್ಮಲ್ಲಿ ಕಾಯಂ ಆಗಿದೆ. 2025ರ ಮಾರ್ಚ್ 7ರಂದು ಇದೇ ಪ್ರಕರಣದಲ್ಲಿ ಕೋರ್ಟ್ ಮತ್ತೆ ರಾಜ್ಯಗಳಿಗೆ ಹೇಳಬೇಕಾಯಿತು: ಎಷ್ಟು ಹುದ್ದೆ ಬೇಕೆಂದು ಮೂರು ವಾರದೊಳಗೆ ಅಧಿಸೂಚನೆ ಹೊರಡಿಸಿ ಎಂದು. ತೀರ್ಪು ಬಂದು ಮೂರು ವರ್ಷ ದಾಟಿದರೂ ಹುದ್ದೆ ಎಣಿಸುವ ಕೆಲಸವೇ ಮುಗಿದಿರಲಿಲ್ಲ. ಒಂದನೇ ತರಗತಿಯಲ್ಲಿದ್ದ ಮಗು ಅಷ್ಟರಲ್ಲಿ ನಾಲ್ಕನೆಯದಕ್ಕೆ ಬಂದಿತ್ತು.

“ಐದು ವರ್ಷಕ್ಕೊಮ್ಮೆ ಶಾಲೆಗೆ ಹೋಗುವ ಮಕ್ಕಳ ಸಮೀಕ್ಷೆ.”

ಮತ್ತೆ 17ನೇ ಕಲಮು. ಮೇಲೆ ಹೇಳಿದ ‘ದಾಖಲಾದ’ ಪದದ ಗಂಟು ‘ಶಾಲೆಗೆ ಹೋಗುವ’ ಎಂಬಲ್ಲೂ ಇದೆ: ಮನೆಯಲ್ಲಿರುವ ಮಗುವೂ ಪಟ್ಟಿಗೆ ಬಂದರೆ ಮಾತ್ರ ಹುದ್ದೆಯ ಲೆಕ್ಕ ಬದಲಾಗುತ್ತದೆ. ಈ ಎಣಿಕೆಗೆ ಬೆಂಗಳೂರಿನ ದಾರಿ ಕಾಯಬೇಕಿಲ್ಲ. ಅಗರಖೇಡದಂಥ ಊರುಗಳ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಸದಸ್ಯರಲ್ಲಿ, ಅಂಗನವಾಡಿ ಕಾರ್ಯಕರ್ತೆಯರಲ್ಲಿ ನನ್ನ ಕೋರಿಕೆ: ಮುಂದಿನ ಸಭೆಗೆ ಮೊದಲು ಓಣಿ ಓಣಿ ತಿರುಗಿ, ಸಾಲಿಗೆ ಬಾರದೆ ಮನೆಯಲ್ಲಿ ಕುಳಿತ ಮಕ್ಕಳ ಪಟ್ಟಿ ಮಾಡಿ. ಅದನ್ನು ನಡಾವಳಿಯಲ್ಲಿ ಬರೆಸಿ ಇಂಡಿಯ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಕೊಟ್ಟು, ಸ್ವೀಕೃತಿ ಪಡೆದುಕೊಳ್ಳಿ.